ಕಾಡು ಈರುಳ್ಳಿ ರಸ ಕುಡಿದರೆ ಕಿಡ್ನಿ ಕಲ್ಲು ಕರಗುತ್ತದೆಯೇ? ಹೆಸರಿನಲ್ಲಷ್ಟೇ ಈರುಳ್ಳಿಯಾದ ಗೆಡ್ಡೆಯ ಬಗ್ಗೆ ತಿಳಿಯಬೇಕಾದದ್ದು

ಸಾರಾಂಶ

ಕಾಡು ಈರುಳ್ಳಿಯ ಹಸಿ ರಸ ಕುಡಿದರೆ ಕಿಡ್ನಿ ಕಲ್ಲು, ಹಳೆಯ ಕೆಮ್ಮು, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎಲ್ಲವೂ ವಾಸಿಯಾಗುತ್ತವೆ ಎನ್ನುವ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ನಾವು ಪರಿಶೀಲಿಸಿದಾಗ ತಿಳಿದದ್ದು ಇಷ್ಟು: ನಮ್ಮ ಕಡೆ ಕಾಡು ಈರುಳ್ಳಿ ಎಂದು ಕರೆಯುವ ಗೆಡ್ಡೆ ಈರುಳ್ಳಿಯ ಜಾತಿಗೆ ಸೇರಿದ್ದೇ ಅಲ್ಲ. ಅದರಲ್ಲಿ ಹೃದಯದ ಬಡಿತವನ್ನೇ ಬದಲಿಸುವ ರಾಸಾಯನಿಕಗಳಿವೆ. ಅದಕ್ಕೆ ಔಷಧೀಯ ಗುಣ ಇರುವುದು ನಿಜ, ಆದರೆ ಆ ಗುಣವೇ ಅದನ್ನು ವಿಷವನ್ನಾಗಿಯೂ ಮಾಡುತ್ತದೆ. ಮನೆಯಲ್ಲಿ ಅರೆದು ಕುಡಿಯುವುದು ಅಪಾಯಕಾರಿ.

ಫಾರ್ವರ್ಡಿನಲ್ಲಿ ಏನಿದೆ?

ನಮಗೆ ಈ ಸಂದೇಶ ಕಳಿಸಿದ ಓದುಗರೊಬ್ಬರು ಅದರ ಕೆಳಗೆ ಹೀಗೆ ಬರೆದಿದ್ದರು: "ನಮ್ಮ ತಂದೆಯವರು ಇದನ್ನು ನೋಡಿ ಹೊಲದ ಬದುವಿನಿಂದ ನಾಲ್ಕು ಗೆಡ್ಡೆ ಕಿತ್ತು ತಂದಿದ್ದಾರೆ. ನಾಳೆ ಬೆಳಿಗ್ಗೆಯಿಂದ ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕಂತೆ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಕುಡಿಯಬಹುದಾ?"

ನಾವು ತಕ್ಷಣ ಕೊಟ್ಟ ಉತ್ತರ: ಬೇಡ, ಒಂದು ಚಮಚವೂ ಬೇಡ. ಯಾಕೆ ಬೇಡ ಎಂದು ವಿವರವಾಗಿ ಹೇಳಲು ಈ ಲೇಖನ.

ಸಂದೇಶದಲ್ಲಿ ಮಣ್ಣು ಮೆತ್ತಿದ ಬಿಳಿ ಗೆಡ್ಡೆಗಳ ಫೋಟೊ ಇದೆ. ಗೆಡ್ಡೆಯನ್ನು ಮಿಕ್ಸಿಗೆ ಹಾಕಿ, ಬಟ್ಟೆಯಲ್ಲಿ ಸೋಸಿ, ಜೇನುತುಪ್ಪ ಬೆರೆಸಿ ಏಳು ದಿನ ಕುಡಿಯಿರಿ ಎನ್ನುತ್ತದೆ. "ಅಡುಗೆ ಮನೆಯ ಈರುಳ್ಳಿಗಿಂತ ನೂರು ಪಟ್ಟು ಶಕ್ತಿ", "ಯಾವುದೇ ಅಡ್ಡ ಪರಿಣಾಮ ಇಲ್ಲ", "ವಿದೇಶಿ ಕಂಪನಿಗಳು ಮುಚ್ಚಿಟ್ಟ ಗುಟ್ಟು" ಎಂಬ ಸಾಲುಗಳೂ ಇವೆ. ಬರೆದವರು ಯಾರು, ಯಾವ ಅಧ್ಯಯನ, ಯಾವ ಆಸ್ಪತ್ರೆ ಎಂಬುದಕ್ಕೆ ಒಂದು ಅಕ್ಷರವೂ ಇಲ್ಲ.

ಕಾಡು ಈರುಳ್ಳಿ ಎಂದರೆ ಯಾವುದು?

ಗೊಂದಲ ಶುರುವಾಗುವುದೇ ಹೆಸರಿನಿಂದ. ಈರುಳ್ಳಿ, ಉಳ್ಳಾಗಡ್ಡಿ, ನೀರುಳ್ಳಿ ಎಂದು ಬೇರೆ ಬೇರೆ ಕಡೆ ಕರೆದರೂ ನಾವು ಅಡುಗೆಗೆ ಹೆಚ್ಚುವುದು ಒಂದೇ ಸಸ್ಯ. ಅದರ ವೈಜ್ಞಾನಿಕ ಹೆಸರು ಆಲಿಯಮ್ ಸೆಪಾ. ಬೆಳ್ಳುಳ್ಳಿ ಅದರ ಹತ್ತಿರದ ನೆಂಟ, ಆಲಿಯಮ್ ಸಟೈವಮ್.

ಕರ್ನಾಟಕದಲ್ಲಿ ಕಾಡು ಈರುಳ್ಳಿ ಅಥವಾ ಅಡವಿ ಈರುಳ್ಳಿ ಎಂದು ಕರೆಯುವ ಗೆಡ್ಡೆಯ ಹೆಸರು ಡ್ರಿಮಿಯಾ ಇಂಡಿಕಾ. ಹಳೆಯ ಪುಸ್ತಕಗಳಲ್ಲಿ ಅರ್ಜಿನಿಯಾ ಇಂಡಿಕಾ ಎಂದಿರುತ್ತದೆ. ಸಂಸ್ಕೃತದಲ್ಲಿ ವನಪಲಾಂಡು, ಹಿಂದಿಯಲ್ಲಿ ಜಂಗ್ಲಿ ಪ್ಯಾಜ್, ತಮಿಳಿನಲ್ಲಿ ನರಿವೆಂಗಾಯಂ, ಅಂದರೆ ನರಿ ಈರುಳ್ಳಿ. ಇಂಗ್ಲಿಷಿನಲ್ಲಿ ಇಂಡಿಯನ್ ಸ್ಕ್ವಿಲ್.

ನೋಡಲು ಈರುಳ್ಳಿಯಂತೆಯೇ ಪದರ ಪದರವಾದ ಬಿಳಿ ಗೆಡ್ಡೆ. ಒಣ ಗುಡ್ಡ, ಹುಲ್ಲುಗಾವಲು, ಮರಳು ಮಣ್ಣಿನ ಜಾಗಗಳಲ್ಲಿ ತಾನಾಗಿಯೇ ಬೆಳೆಯುತ್ತದೆ. ಆದರೆ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಎರಡಕ್ಕೂ ದೂರದ ಸಂಬಂಧ. ಈರುಳ್ಳಿ, ಬೆಳ್ಳುಳ್ಳಿ ಅಮರಿಲ್ಲಿಡೇಸಿ ಕುಟುಂಬದವು. ಕಾಡು ಈರುಳ್ಳಿಯನ್ನು ಈಗ ಸೇರಿಸಿರುವುದು ಆಸ್ಪರಗೇಸಿ ಕುಟುಂಬಕ್ಕೆ, ಅಂದರೆ ಹಲವು ಮಕ್ಕಳ ತಾಯಿ ಬೇರು ಎಂದು ನಮ್ಮಲ್ಲಿ ಹೆಸರಾದ ಶತಾವರಿಯ ಕುಟುಂಬಕ್ಕೆ. ಕಾಡುಹಂದಿಯನ್ನು ನೋಡಿ ಅದು ಊರ ಹಂದಿಯ ಕಾಡಿನ ರೂಪ ಎಂದರೆ ಸರಿ. ಕಾಡು ಈರುಳ್ಳಿ ಅಡುಗೆ ಈರುಳ್ಳಿಯ ಕಾಡಿನ ರೂಪ ಎಂದರೆ ತಪ್ಪು.

ಹಾಗಾದರೆ ನಿಜವಾದ ಕಾಡು ಈರುಳ್ಳಿಗಳು ಇಲ್ಲವೇ?

ಇವೆ. ಆಲಿಯಮ್ ಜಾತಿಯಲ್ಲಿ ನೂರಾರು ಪ್ರಭೇದಗಳಿವೆ, ಬಹುಪಾಲು ಕಾಡಿನಲ್ಲೇ ಬೆಳೆಯುವಂಥವು. ಜನ ತಲೆತಲಾಂತರದಿಂದ ತಿನ್ನುತ್ತಿರುವ ಕೆಲವನ್ನು ನೋಡಿ:

- ಉತ್ತರಾಖಂಡ ಮತ್ತು ನೇಪಾಳದ ಎತ್ತರದ ಬೆಟ್ಟಗಳಲ್ಲಿ ಜಂಬು ಅಥವಾ ಫರಣ್ ಎಂಬ ಸೊಪ್ಪು ಸಿಗುತ್ತದೆ. ಅದನ್ನು ಒಣಗಿಸಿಟ್ಟು, ತುಪ್ಪದಲ್ಲಿ ಹುರಿದು ಬೇಳೆಗೆ ಒಗ್ಗರಣೆ ಹಾಕುತ್ತಾರೆ. ನಮ್ಮ ಇಂಗಿನ ಒಗ್ಗರಣೆಯ ಹಾಗೆ.
- ಮಣಿಪುರದಲ್ಲಿ ಮರೋಯ್ ಎಂದು ಕರೆಯುವ ಆಲಿಯಮ್ ಸೊಪ್ಪುಗಳು ದಿನದ ಅಡುಗೆಯ ಭಾಗ. ಇವನ್ನು ಹಿತ್ತಲಲ್ಲೂ ಬೆಳೆಯುತ್ತಾರೆ.
- ಯುರೋಪಿನ ಕಾಡುಗಳಲ್ಲಿ ವಸಂತಕಾಲಕ್ಕೆ ಆಲಿಯಮ್ ಅರ್ಸಿನಮ್ ಚಿಗುರುತ್ತದೆ. ಅದರ ಹೆಸರಿನ ಅರ್ಥ ಕರಡಿ ಬೆಳ್ಳುಳ್ಳಿ.
- ಉತ್ತರ ಅಮೆರಿಕದಲ್ಲಿ ರ‍್ಯಾಂಪ್ ಎಂಬ ಕಾಡು ಈರುಳ್ಳಿ ಇದೆ. ಷಿಕಾಗೊ ನಗರದ ಹೆಸರು ಅಲ್ಲಿನ ಮೂಲನಿವಾಸಿಗಳು ಈ ಗಿಡಕ್ಕೆ ಇಟ್ಟಿದ್ದ ಹೆಸರಿನಿಂದ ಬಂದದ್ದು ಎನ್ನಲಾಗುತ್ತದೆ.

ಇವೆಲ್ಲವನ್ನೂ ಒಂದೇ ಕುಟುಂಬವೆಂದು ಮೂಗೇ ಹೇಳುತ್ತದೆ. ಈರುಳ್ಳಿ ಜಾತಿಯ ಗಿಡಗಳ ಕೋಶಗಳಲ್ಲಿ ಗಂಧಕ ಇರುವ ವಾಸನೆಯಿಲ್ಲದ ಪದಾರ್ಥಗಳು ಒಂದು ಕಡೆ, ಆಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಹೆಚ್ಚಿದಾಗ ಅಥವಾ ಜಜ್ಜಿದಾಗ ಎರಡೂ ಸೇರಿ ಘಾಟು ಹುಟ್ಟುತ್ತದೆ. ಈರುಳ್ಳಿ ಹೆಚ್ಚುವಾಗ ಕಣ್ಣಲ್ಲಿ ನೀರು ಬರುವುದು, ಬೆಳ್ಳುಳ್ಳಿ ಜಜ್ಜಿದ ಮೇಲೆ ಘಮ್ಮೆನ್ನುವುದು ಇದರಿಂದಲೇ. ಜಜ್ಜಿದ ಬೆಳ್ಳುಳ್ಳಿಯಲ್ಲಿ ಹುಟ್ಟುವ ಮುಖ್ಯ ಪದಾರ್ಥ ಆಲಿಸಿನ್. 1944ರಲ್ಲಿ ಕಾವಲಿಟೊ ಮತ್ತು ಬೈಲಿ ಎಂಬ ವಿಜ್ಞಾನಿಗಳು ಇದನ್ನು ಬೇರ್ಪಡಿಸಿ, ಬ್ಯಾಕ್ಟೀರಿಯಾಗಳನ್ನು ತಡೆಯುವ ಗುಣ ಅದಕ್ಕಿದೆ ಎಂದು ವರದಿ ಮಾಡಿದರು.

ಡ್ರಿಮಿಯಾ ಇಂಡಿಕಾದಲ್ಲಿ ಈ ಘಾಟು ಇಲ್ಲ. ಈರುಳ್ಳಿಯ ಗುಣ ಎಂದು ನಾವು ಯಾವುದನ್ನು ಹೇಳುತ್ತೇವೋ ಆ ರಾಸಾಯನಿಕ ವ್ಯವಸ್ಥೆಯೇ ಅದರಲ್ಲಿಲ್ಲ. ಹೀಗಾಗಿ "ಈರುಳ್ಳಿಗಿಂತ ನೂರು ಪಟ್ಟು ಶಕ್ತಿ" ಎಂಬ ಮಾತಿಗೆ ಅರ್ಥವೇ ಇಲ್ಲ.

ನಿಜವಾದ ಕಾಡು ಈರುಳ್ಳಿಗಳ ಔಷಧೀಯ ಗುಣ ಎಷ್ಟು ಸಾಬೀತಾಗಿದೆ?

ಕರಡಿ ಬೆಳ್ಳುಳ್ಳಿ, ಮಣಿಪುರದ ಮರೋಯ್ ಮುಂತಾದವುಗಳ ಮೇಲೆ ಪ್ರಯೋಗಾಲಯದಲ್ಲಿ ಅನೇಕ ಅಧ್ಯಯನಗಳು ನಡೆದಿವೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಮೇಲೆ ಇವುಗಳ ಸಾರ ಕೆಲಸ ಮಾಡಿದೆ. ಇಲಿಗಳ ಮೇಲಿನ ಕೆಲವು ಪ್ರಯೋಗಗಳಲ್ಲೂ ಒಳ್ಳೆಯ ಫಲಿತಾಂಶ ಕಂಡಿದೆ. "ಔಷಧೀಯ ಗುಣಗಳ ಸಾಧ್ಯತೆ ಇದೆ" ಎಂದು ವಿಜ್ಞಾನಿಗಳು ಬರೆಯುವುದು ಇದನ್ನು ನೋಡಿ. ಆ ವಾಕ್ಯ ಫಾರ್ವರ್ಡಿಗೆ ಬರುವಷ್ಟರಲ್ಲಿ "ಸಾಧ್ಯತೆ" ಉದುರಿಹೋಗಿ "ರಾಮಬಾಣ" ಆಗಿರುತ್ತದೆ.

ತಟ್ಟೆಯಿಂದ ಮನುಷ್ಯನ ದೇಹಕ್ಕೆ ಬರುವ ದಾರಿ ಎಷ್ಟು ಕಷ್ಟದ್ದು ಎನ್ನುವುದಕ್ಕೆ ಬೆಳ್ಳುಳ್ಳಿಯೇ ಸಾಕ್ಷಿ. ಇಡೀ ಆಲಿಯಮ್ ಜಾತಿಯಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಅದು. ಬೆಳ್ಳುಳ್ಳಿ ಕೊಲೆಸ್ಟರಾಲ್ ಕರಗಿಸುತ್ತದೆ ಎಂಬ ನಂಬಿಕೆ ಬಲವಾಗಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಕೆಟ್ಟ ಕೊಲೆಸ್ಟರಾಲ್ ಸ್ವಲ್ಪ ಹೆಚ್ಚಿದ್ದ 192 ಮಂದಿಯನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಹಸಿ ಬೆಳ್ಳುಳ್ಳಿ, ಎರಡು ಗುಂಪುಗಳಿಗೆ ಎರಡು ಬಗೆಯ ಬೆಳ್ಳುಳ್ಳಿ ಮಾತ್ರೆ, ನಾಲ್ಕನೆಯ ಗುಂಪಿಗೆ ಬೆಳ್ಳುಳ್ಳಿಯೇ ಇಲ್ಲದ ಹುಸಿ ಮಾತ್ರೆ. ವಾರಕ್ಕೆ 6 ದಿನದಂತೆ 6 ತಿಂಗಳು ಕೊಟ್ಟು ರಕ್ತ ಪರೀಕ್ಷಿಸಿದರು. 2007ರಲ್ಲಿ ಪ್ರಕಟವಾದ ಫಲಿತಾಂಶ: ಕೆಟ್ಟ ಕೊಲೆಸ್ಟರಾಲ್ ಮೇಲೆ ಗಮನಾರ್ಹ ಪರಿಣಾಮ ಯಾವ ಗುಂಪಿನಲ್ಲೂ ಕಾಣಲಿಲ್ಲ.

ರಕ್ತದೊತ್ತಡ ಹೆಚ್ಚಿದ್ದವರಲ್ಲಿ ಬೆಳ್ಳುಳ್ಳಿಯಿಂದ ಸ್ವಲ್ಪ ಇಳಿಕೆ ಕಂಡ ಅಧ್ಯಯನಗಳೂ ಇವೆ. ಆದರೆ ಅದು ಮಾತ್ರೆ ಬಿಟ್ಟು ಬೆಳ್ಳುಳ್ಳಿ ತಿನ್ನಿ ಎನ್ನುವಷ್ಟು ದೊಡ್ಡದಲ್ಲ. ಇಷ್ಟೊಂದು ಪರೀಕ್ಷೆಯಾದ ಬೆಳ್ಳುಳ್ಳಿಯ ಸ್ಥಿತಿಯೇ ಹೀಗಿರುವಾಗ, ಮನುಷ್ಯರ ಮೇಲೆ ಅಷ್ಟು ಪರೀಕ್ಷೆಯೇ ಆಗದ ಕಾಡಿನ ಪ್ರಭೇದಗಳ ಬಗ್ಗೆ "ವಾಸಿಯಾಗುತ್ತದೆ" ಎಂದು ಹೇಳುವ ಹಾಗಿಲ್ಲ. ಊಟದಲ್ಲಿ ಸೊಪ್ಪಾಗಿ ತಿನ್ನುವುದು ಬೇರೆ, ಕಾಯಿಲೆಗೆ ಮದ್ದು ಎಂದು ಕುಡಿಯುವುದು ಬೇರೆ.

ನಮ್ಮ ಕಾಡು ಈರುಳ್ಳಿ ಔಷಧವಾಗಿ ಬಳಕೆಯಲ್ಲಿತ್ತೇ?

ಇತ್ತು. ಫಾರ್ವರ್ಡ್ ನಂಬಿಕೆಗೆ ಅರ್ಹ ಎನಿಸುವುದು ಇಲ್ಲೇ, ಏಕೆಂದರೆ ಅದರ ಹಿಂದೆ ನಿಜವಾದ ಇತಿಹಾಸದ ಒಂದು ಚೂರು ಇದೆ.

ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳಲ್ಲಿ ಡ್ರಿಮಿಯಾ ಮಾರಿಟಿಮಾ ಎಂಬ ದೊಡ್ಡ ಗೆಡ್ಡೆಯ ಗಿಡವಿದೆ. ನಮ್ಮ ಕಾಡು ಈರುಳ್ಳಿಯ ಒಡಹುಟ್ಟು ಎನ್ನಬಹುದು. ಎರಡು ಸಾವಿರ ವರ್ಷಗಳಿಂದ ಅದನ್ನು ಕೆಮ್ಮಿಗೆ, ಮೈ ಊದಿಕೊಳ್ಳುವ ಬಾವಿಗೆ ಕೊಡುತ್ತಿದ್ದರು. ಕ್ರಿ.ಶ. 1ನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಇದರ ಬಗ್ಗೆ ವಿವರವಾಗಿ ಬರೆದಿದ್ದಾನೆ. ಗೆಡ್ಡೆಗೆ ಹಿಟ್ಟು ಅಥವಾ ಜೇಡಿಮಣ್ಣು ಮೆತ್ತಿ ಸುಡಬೇಕು ಎನ್ನುತ್ತಾನೆ. ಒಳಗೆ ಹುಣ್ಣು ಇದ್ದವರಿಗೆ ಕೆಡುಕು ಎಂದೂ ಎಚ್ಚರಿಸುತ್ತಾನೆ. ಅಂದರೆ ಆ ಕಾಲದವರೂ ಇದನ್ನು ಹಸಿಯಾಗಿ ಅರೆದು ಲೋಟಗಟ್ಟಲೆ ಕುಡಿಯಿರಿ ಎಂದಿರಲಿಲ್ಲ.

ಬ್ರಿಟಿಷರ ಕಾಲದಲ್ಲಿ ಆಮದಾಗುತ್ತಿದ್ದ ಆ ಗೆಡ್ಡೆಗೆ ಬದಲಿಯಾಗಿ ನಮ್ಮ ಡ್ರಿಮಿಯಾ ಇಂಡಿಕಾ ಬಳಕೆಗೆ ಬಂತು. ಕಲ್ಕತ್ತೆಯ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿದ್ದ ರಾಮನಾಥ ಚೋಪ್ರಾ, 1933ರಲ್ಲಿ ಪ್ರಕಟವಾದ ಭಾರತದ ದೇಸಿ ಔಷಧಿಗಳ ಕುರಿತ ತಮ್ಮ ಪುಸ್ತಕದಲ್ಲಿ ಇದನ್ನೂ ಸೇರಿಸಿದ್ದರು. ಕೆಮ್ಮಿನ ಸಿರಪ್‌ಗಳಲ್ಲಿ ಸ್ಕ್ವಿಲ್ ಬಹಳ ಕಾಲ ಇತ್ತು. ಆಯುರ್ವೇದದಲ್ಲಿ ವನಪಲಾಂಡು, ಯುನಾನಿಯಲ್ಲಿ ಉನ್ಸುಲ್ ಎಂದು ಇದಕ್ಕೆ ಸ್ಥಾನವಿದೆ. ಆ ಪದ್ಧತಿಗಳಲ್ಲೂ ಅದು ಸಂಸ್ಕರಿಸಿ, ಅಳೆದು ಕೊಡುವ ಮದ್ದು.

ಇನ್ನೊಂದು ಬಳಕೆಯನ್ನೂ ಹೇಳಬೇಕು. ಮೆಡಿಟರೇನಿಯನ್ ಗೆಡ್ಡೆಯಲ್ಲಿ ಕೆಂಪು ಬಣ್ಣದ ಒಂದು ಬಗೆ ಇದೆ. ಅದನ್ನು ಒಣಗಿಸಿ ಪುಡಿ ಮಾಡಿ ಇಲಿ ಪಾಷಾಣವಾಗಿ ಮಾರುತ್ತಿದ್ದರು. ಇಲಿಗಳಿಗೆ ವಾಂತಿ ಮಾಡಲು ಬಾರದು, ಹಾಗಾಗಿ ತಿಂದ ವಿಷ ಒಳಗೇ ಉಳಿದು ಸಾಯುತ್ತಿದ್ದವು. ಕೆಮ್ಮಿನ ಮದ್ದೂ ಇಲಿ ಪಾಷಾಣವೂ ಒಂದೇ ಗಿಡದಿಂದ ಬಂದವು ಎನ್ನುವುದನ್ನು ಫಾರ್ವರ್ಡ್ ಹೇಳುವುದಿಲ್ಲ.

ದೇಹದೊಳಗೆ ಅದು ಮಾಡುವುದೇನು?

ಈ ಗೆಡ್ಡೆಯಲ್ಲಿ ಸಿಲ್ಲಾರೆನ್ ಎ, ಪ್ರೊಸಿಲ್ಲಾರಿಡಿನ್ ಎ ಎಂಬ ಪದಾರ್ಥಗಳಿವೆ. ಇವನ್ನು ಹೃದಯದ ಗ್ಲೈಕೊಸೈಡ್‌ಗಳು ಎನ್ನುತ್ತಾರೆ. ಹೃದಯ ವೈದ್ಯರು ಕೆಲವು ರೋಗಿಗಳಿಗೆ ಕೊಡುವ ಡಿಜಾಕ್ಸಿನ್ ಮಾತ್ರೆಯೂ ಇದೇ ಗುಂಪಿನದು.

ಹೃದಯದ ಪ್ರತಿ ಕೋಶದ ಗೋಡೆಯಲ್ಲಿ ಸಣ್ಣ ಪಂಪ್‌ಗಳಿರುತ್ತವೆ. ಅವು ಮೂರು ಸೋಡಿಯಂ ಕಣಗಳನ್ನು ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆ ತರುತ್ತವೆ. ಹೃದಯ ತಾಳ ತಪ್ಪದೆ ಬಡಿಯುವುದು ಈ ಲೆಕ್ಕ ಸರಿಯಾಗಿದ್ದಾಗ. ಗ್ಲೈಕೊಸೈಡ್‌ಗಳು ಈ ಪಂಪನ್ನು ತಡೆಯುತ್ತವೆ. ಸೋಡಿಯಂ ಒಳಗೇ ಉಳಿಯುತ್ತದೆ, ಅದರ ಹಿಂದೆ ಕ್ಯಾಲ್ಸಿಯಂ ಕೂಡ ಸೇರಿಕೊಳ್ಳುತ್ತದೆ. ಕ್ಯಾಲ್ಸಿಯಂ ಹೆಚ್ಚಾದರೆ ಹೃದಯ ಇನ್ನಷ್ಟು ಬಲವಾಗಿ ಹಿಂಡುತ್ತದೆ.

ಹೃದಯ ದುರ್ಬಲವಾಗಿ ಕಾಲು, ಹೊಟ್ಟೆ ಊದಿದವರಿಗೆ ಸರಿಯಾದ ಪ್ರಮಾಣ ಬಿದ್ದರೆ ರಕ್ತ ಚೆನ್ನಾಗಿ ಹರಿದು, ಮೂತ್ರ ಹೆಚ್ಚಾಗಿ ಹೋಗಿ ಊತ ಇಳಿಯುತ್ತದೆ. ಹಿಂದಿನವರು ಕಂಡ "ಪವಾಡ" ಇದೇ. ಪ್ರಮಾಣ ಸ್ವಲ್ಪ ಮೀರಿದರೆ ಅದೇ ಹೃದಯದ ತಾಳ ಕೆಡುತ್ತದೆ.

ಎಷ್ಟು ಸ್ವಲ್ಪ? ಡಿಜಾಕ್ಸಿನ್ ಉದಾಹರಣೆ ನೋಡಿ. ಹೃದಯ ವೈಫಲ್ಯದ ರೋಗಿಗಳ ರಕ್ತದಲ್ಲಿ ಅದು ಒಂದು ಮಿಲಿಲೀಟರಿಗೆ 0.5ರಿಂದ 0.9 ನ್ಯಾನೊಗ್ರಾಂ ಇರಬೇಕು ಎನ್ನುತ್ತಾರೆ. 2 ನ್ಯಾನೊಗ್ರಾಂ ದಾಟಿದರೆ ವಿಷವಾಗುವ ಸಾಧ್ಯತೆ ಹೆಚ್ಚು. ಒಂದು ನ್ಯಾನೊಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಕಾರ್ಖಾನೆಯಲ್ಲಿ ಅಳೆದು ಮಾಡಿದ ಮಾತ್ರೆಯನ್ನೇ ವೈದ್ಯರು ಇಷ್ಟು ಹುಷಾರಾಗಿ ಕೊಡುತ್ತಾರೆ. ಗೆಡ್ಡೆಯಲ್ಲಿ ಈ ಅಳತೆ ಇಲ್ಲ. ಜಾಗ, ಋತು, ಗೆಡ್ಡೆಯ ವಯಸ್ಸಿಗೆ ತಕ್ಕಂತೆ ಗ್ಲೈಕೊಸೈಡ್ ಪ್ರಮಾಣ ಬದಲಾಗುತ್ತದೆ. ನಿನ್ನೆಯ ಎರಡು ಚಮಚಕ್ಕೂ ಇಂದಿನ ಎರಡು ಚಮಚಕ್ಕೂ ಹೋಲಿಕೆ ಇರಲಾರದು.

ಎರಡು ಗೆಡ್ಡೆ, 30 ಗಂಟೆ

ಇದು ಹೆದರಿಸಲು ಹೇಳುವ ಮಾತಲ್ಲ. 1995ರಲ್ಲಿ ಟರ್ಕಿಯ ವೈದ್ಯರು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಪ್ರಕರಣವನ್ನು ವರದಿ ಮಾಡಿದರು. ಥೈರಾಯ್ಡ್ ತೊಂದರೆಯಿದ್ದ 55 ವರ್ಷದ ಮಹಿಳೆಯೊಬ್ಬರು ಕೀಲುನೋವಿಗೆ ಮನೆಮದ್ದು ಎಂದು ಸ್ಕ್ವಿಲ್‌ನ ಎರಡು ಗೆಡ್ಡೆ ತಿಂದಿದ್ದರು. ವಾಕರಿಕೆ, ವಾಂತಿ ಶುರುವಾಯಿತು, ಫಿಟ್ಸ್ ಬಂತು, ರಕ್ತದಲ್ಲಿ ಪೊಟ್ಯಾಸಿಯಂ ಏರಿತು, ಹೃದಯದ ಬಡಿತ ತಾಳ ತಪ್ಪಿತು. ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಟ್ಟರೂ ಸುಮಾರು 30 ಗಂಟೆಗಳಲ್ಲಿ ಅವರು ತೀರಿಕೊಂಡರು.

ಆಕೆ ತಿಂದದ್ದು ಮೆಡಿಟರೇನಿಯನ್ ಪ್ರಭೇದ. ಆದರೆ ನಮ್ಮ ಗುಡ್ಡದ ಗೆಡ್ಡೆಯಲ್ಲಿರುವುದೂ ಅದೇ ಗುಂಪಿನ ಗ್ಲೈಕೊಸೈಡ್‌ಗಳು. ಫಾರ್ವರ್ಡ್ ಹೇಳುವುದು ಏಳು ದಿನ ಕುಡಿಯಲು.

ಒಂದೊಂದು ಹೇಳಿಕೆಯನ್ನೂ ನೋಡೋಣ

*ಹೇಳಿಕೆ 1: ಕಿಡ್ನಿ ಕಲ್ಲು ಕರಗುತ್ತದೆ.* ಆಧಾರವಿಲ್ಲ. ಹೆಚ್ಚಿನ ಕಿಡ್ನಿ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟ್‌ನಿಂದ ಆದವು. ಕುಡಿದ ಗೆಡ್ಡೆ ರಸ ಅವನ್ನು ಕರಗಿಸುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಈ ಗೆಡ್ಡೆಯಲ್ಲೇ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ರಸ ತಾಗಿದರೆ ಚರ್ಮ ಉರಿಯುವುದು, ತುರಿಸುವುದು ಅದರಿಂದಲೇ. "ನಮ್ಮ ಮಾವ ಕುಡಿದರು, ಕಲ್ಲು ಬಿತ್ತು" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ 5 ಮಿಲಿಮೀಟರಿಗಿಂತ ಚಿಕ್ಕ ಕಲ್ಲುಗಳಲ್ಲಿ ಹೆಚ್ಚಿನವು ನೀರು ಕುಡಿಯುತ್ತಿದ್ದರೆ ತಾವಾಗಿಯೇ ಬಿದ್ದುಹೋಗುತ್ತವೆ. ಆ ವಾರ ಏನು ಕುಡಿದಿದ್ದರೋ ಅದಕ್ಕೆ ಹೆಸರು ಬರುತ್ತದೆ.

*ಹೇಳಿಕೆ 2: ಹಳೆಯ ಕೆಮ್ಮು, ಕಫ ಹೋಗುತ್ತದೆ.* ಅರ್ಧ ಸತ್ಯ. ಬಹಳ ಸಣ್ಣ ಪ್ರಮಾಣದಲ್ಲಿ ಈ ಗೆಡ್ಡೆ ಹೊಟ್ಟೆಯ ಒಳಪದರವನ್ನು ಕೆರಳಿಸುತ್ತದೆ. ಅದಕ್ಕೆ ಪ್ರತಿಕ್ರಿಯೆಯಾಗಿ ಶ್ವಾಸನಾಳದಲ್ಲಿ ದ್ರವ ಹೆಚ್ಚಾಗಿ ಕಫ ಸಡಿಲವಾಗುತ್ತದೆ. ಪ್ರಮಾಣ ಹೆಚ್ಚಾದರೆ ಅದೇ ಕೆರಳಿಕೆ ವಾಂತಿಯಾಗುತ್ತದೆ. ಇದಕ್ಕಿಂತ ಸುರಕ್ಷಿತ ಔಷಧಿಗಳು ಬಂದ ಮೇಲೆ ವೈದ್ಯರು ಇದನ್ನು ಬಹುತೇಕ ಕೈಬಿಟ್ಟರು. ಎರಡು ವಾರ ದಾಟಿದ ಕೆಮ್ಮಿಗೆ ಬೇಕಾದದ್ದು ಗೆಡ್ಡೆಯಲ್ಲ, ಕಫ ಪರೀಕ್ಷೆ. ಕ್ಷಯ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ.

*ಹೇಳಿಕೆ 3: ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ.* ಮನುಷ್ಯರಲ್ಲಿ ಸಾಬೀತಾಗಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಹಲವರಿಗೆ ಬಿಪಿ, ಹೃದಯದ ಮಾತ್ರೆಗಳೂ ಇರುತ್ತವೆ. ಅಪಾಯ ಹೆಚ್ಚು ಇರುವುದೇ ಅವರಿಗೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಗಳಲ್ಲಿ ಕೆಲವು ದೇಹದ ಪೊಟ್ಯಾಸಿಯಂ ಇಳಿಸುತ್ತವೆ. ಪೊಟ್ಯಾಸಿಯಂ ಕಡಿಮೆಯಿದ್ದಾಗ ಗ್ಲೈಕೊಸೈಡ್‌ಗಳ ವಿಷ ಇನ್ನೂ ಬೇಗ ಏರುತ್ತದೆ. ಆಗಲೇ ಡಿಜಾಕ್ಸಿನ್ ತೆಗೆದುಕೊಳ್ಳುತ್ತಿರುವವರು ಇದನ್ನು ಕುಡಿದರೆ ಒಂದೇ ಬಗೆಯ ಔಷಧಿ ಎರಡು ಕಡೆಯಿಂದ ಸೇರಿದಂತಾಗುತ್ತದೆ. ನಮಗೆ ಬರೆದ ಓದುಗರ ತಂದೆಯ ವಿಷಯದಲ್ಲಿ ನಾವು ಹೆದರಿದ್ದು ಇದೇ ಕಾರಣಕ್ಕೆ.

*ಹೇಳಿಕೆ 4: ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ.* ಪ್ರೊಸಿಲ್ಲಾರಿಡಿನ್ ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದಿದೆ, ಇದರ ಮೇಲೆ ಸಂಶೋಧನೆ ನಡೆಯುತ್ತಿದೆ. ತಟ್ಟೆಯಲ್ಲಿನ ಕೋಶಗಳನ್ನು ಬ್ಲೀಚಿಂಗ್ ಪೌಡರ್ ಕೂಡ ಕೊಲ್ಲುತ್ತದೆ. ಒಳ್ಳೆಯ ಕೋಶಗಳನ್ನು ಉಳಿಸಿ, ಕೆಟ್ಟವನ್ನು ಮಾತ್ರ ಕೊಲ್ಲುವುದೇ ಕಷ್ಟದ ಕೆಲಸ. ಗೆಡ್ಡೆ ರಸ ನಂಬಿ ಕ್ಯಾನ್ಸರ್ ಚಿಕಿತ್ಸೆ ಮುಂದೂಡಿದರೆ ಕಳೆದುಕೊಂಡ ತಿಂಗಳುಗಳು ವಾಪಸ್ ಬರುವುದಿಲ್ಲ.

*ಹೇಳಿಕೆ 5: ಪ್ರಕೃತಿದತ್ತವಾದದ್ದು, ಅಡ್ಡ ಪರಿಣಾಮ ಇಲ್ಲ.* ಹಾವಿನ ವಿಷವೂ ಪ್ರಕೃತಿದತ್ತವೇ. ಪರಿಣಾಮ ಇರುವ ಪ್ರತಿ ಔಷಧಿಗೂ ಅಡ್ಡ ಪರಿಣಾಮದ ಸಾಧ್ಯತೆ ಇರುತ್ತದೆ.

"ನಮ್ಮೂರಲ್ಲಿ ಹಿಂದಿನಿಂದಲೂ ಬಳಸುತ್ತಾರಲ್ಲ?"

ಈ ಪ್ರಶ್ನೆ ಬಂದೇ ಬರುತ್ತದೆ, ಬರಬೇಕಾದದ್ದೇ. ಅಂಗಾಲಿನ ಆಣಿ, ನರುಲಿಗಳಿಗೆ ಈ ಗೆಡ್ಡೆಯನ್ನು ಸುಟ್ಟು ಹೊರಗಿನಿಂದ ಕಟ್ಟುವ ರೂಢಿ ಹಲವು ಕಡೆ ಇದೆ. ಗಿಡಮೂಲಿಕೆ ಬಲ್ಲವರು ಒಳಕ್ಕೂ ಕೊಟ್ಟಿದ್ದಾರೆ. ಆದರೆ ನಾಟಿ ವೈದ್ಯರು ರೋಗಿಯನ್ನು ಎದುರಿಗೆ ಕೂರಿಸಿಕೊಂಡು, ನಾಡಿ ಹಿಡಿದು, ಗೆಡ್ಡೆಯನ್ನು ತಾವೇ ಗುರುತಿಸಿ, ಸಂಸ್ಕರಿಸಿ ಕೊಡುತ್ತಿದ್ದರು. ಫಾರ್ವರ್ಡ್ ಬರೆದವರು ನಿಮ್ಮ ನಾಡಿ ಹಿಡಿದಿಲ್ಲ, ನೀವು ಕಿತ್ತ ಗೆಡ್ಡೆ ನೋಡಿಲ್ಲ, ನಿಮಗೆ ಏನಾದರೂ ಆದರೆ ಕೇಳುವವರೂ ಅಲ್ಲ. ಆ ಅನುಭವದಲ್ಲಿ ಎಚ್ಚರಿಕೆಯ ಭಾಗವನ್ನೆಲ್ಲ ತೆಗೆದು ರುಚಿಯ ಭಾಗವನ್ನಷ್ಟೇ ಹಂಚಿದರೆ ಅದು ಪರಂಪರೆ ಆಗುವುದಿಲ್ಲ.

"ಬೇಯಿಸಿದರೆ, ಒಣಗಿಸಿದರೆ ವಿಷ ಹೋಗುತ್ತದೆ" ಎಂದೂ ಕೆಲವರು ಹೇಳುತ್ತಾರೆ. ಔಷಧಿ ತಯಾರಕರಿಗೆ ಹೋಗುತ್ತಿದ್ದದ್ದೇ ಒಣಗಿಸಿದ ಹೋಳುಗಳು. ಒಣಗಿಸಿದರೆ ಶಕ್ತಿ ಹೋಗುವುದಾಗಿದ್ದರೆ ಅದನ್ನು ಕೊಳ್ಳುವವರೇ ಇರುತ್ತಿರಲಿಲ್ಲ.

ಇಂಥ ಸಂದೇಶದ ಕೆಳಗೆ ಪುಡಿ ಅಥವಾ ಕಷಾಯ ಮಾರುವ ನಂಬರ್ ಇದ್ದರೆ ಇನ್ನೊಂದು ವಿಷಯ ನೆನಪಿಡಿ. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪ್ರಕಾರ ಸಕ್ಕರೆ ಕಾಯಿಲೆ, ಕ್ಯಾನ್ಸರ್, ಕಿಡ್ನಿ ಕಲ್ಲು ವಾಸಿ ಮಾಡುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದು ಅಪರಾಧ.

ಗುರುತು ಹಿಡಿಯುವುದು ಹೇಗೆ?

ಈ ಗುರುತುಗಳು ತಿನ್ನಲು ಅಲ್ಲ, ದೂರ ಇಡಲು.

- ವಾಸನೆ: ಗೆಡ್ಡೆ ಹೆಚ್ಚಿದರೆ ಈರುಳ್ಳಿಯ ಘಾಟು ಬರುವುದಿಲ್ಲ. ರಸ ಕೈಗೆ ತಾಗಿದರೆ ತುರಿಕೆ ಬರಬಹುದು.
- ಹೂವು: ಈರುಳ್ಳಿಯ ಹೂಗಳು ದಂಟಿನ ತುದಿಯಲ್ಲಿ ಒಂದೇ ಬಿಂದುವಿನಿಂದ ಹೊರಟು ಚೆಂಡಿನಂತೆ ಕೂಡಿರುತ್ತವೆ. ಕಾಡು ಈರುಳ್ಳಿಯ ಉದ್ದನೆಯ ದಂಟಿನಲ್ಲಿ ಹೂಗಳು ಒಂದರಿಂದ ಒಂದು ದೂರದಲ್ಲಿ, ಗಂಟೆಯಂತೆ ಬಾಗಿರುತ್ತವೆ.
- ಕಾಲ: ಬೇಸಿಗೆಯಲ್ಲಿ ಎಲೆಯೇ ಇಲ್ಲದ ಬರಿಯ ದಂಟಿನಲ್ಲಿ ಹೂ ಬಿಡುತ್ತದೆ. ಎಲೆ ಚಿಗುರುವುದು ಆಮೇಲೆ, ಮಳೆ ಬಿದ್ದ ಮೇಲೆ.
- ಎಲೆ: ಅಡುಗೆ ಈರುಳ್ಳಿಯ ಎಲೆ ಒಳಗೆ ಪೊಳ್ಳು. ಇದರ ಎಲೆ ಚಪ್ಪಟೆ.

ವಾಸನೆಯೊಂದನ್ನೇ ನಂಬಬೇಡಿ. ಯುರೋಪಿನಲ್ಲಿ ಕರಡಿ ಬೆಳ್ಳುಳ್ಳಿ ಎಂದುಕೊಂಡು ಕಾಲ್ಚಿಕಮ್ ಎಂಬ ವಿಷದ ಎಲೆ ಕಿತ್ತು ತಿಂದು ಜನ ಸತ್ತಿದ್ದಾರೆ. ನಾಲ್ಕು ಒಳ್ಳೆಯ ಎಲೆ ಕಿತ್ತ ಮೇಲೆ ಕೈಗೇ ಬೆಳ್ಳುಳ್ಳಿ ವಾಸನೆ ಅಂಟಿರುತ್ತದೆ, ಐದನೆಯದು ವಿಷದ ಎಲೆಯಾದರೂ ಮೂಗಿಗೆ ಗೊತ್ತಾಗುವುದಿಲ್ಲ. ಉತ್ತರ ಅಮೆರಿಕದಲ್ಲೂ ಡೆತ್ ಕಾಮಸ್ ಎಂಬ ವಿಷದ ಗೆಡ್ಡೆಯನ್ನು ಕಾಡು ಈರುಳ್ಳಿ ಎಂದು ತಿಂದು ಜನ ಆಸ್ಪತ್ರೆ ಸೇರಿದ್ದಾರೆ. ಇದು ನಮ್ಮ ಊರಿನವರಷ್ಟೇ ಮಾಡುವ ತಪ್ಪಲ್ಲ.

ಯಾರಾದರೂ ಕುಡಿದುಬಿಟ್ಟಿದ್ದರೆ?

ವಾಕರಿಕೆ, ವಾಂತಿ, ಭೇದಿ, ತಲೆಸುತ್ತು, ದೃಷ್ಟಿ ಮಂಜಾಗುವುದು ಅಥವಾ ಹಳದಿಯಾಗಿ ಕಾಣುವುದು, ನಾಡಿ ನಿಧಾನವಾಗುವುದು, ಎದೆಬಡಿತ ತಪ್ಪುವುದು ವಿಷದ ಲಕ್ಷಣಗಳು. "ಒಳಗಿನ ಕೊಳೆ ಹೊರಗೆ ಬರುತ್ತಿದೆ, ಮದ್ದು ಕೆಲಸ ಮಾಡುತ್ತಿದೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

1. ಲಕ್ಷಣ ಕಾಣಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ ಅಥವಾ ಇಸಿಜಿ ಸೌಲಭ್ಯ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ.
2. ಉಪ್ಪುನೀರು, ಹುಣಸೆನೀರು ಕುಡಿಸಿ ಬಲವಂತವಾಗಿ ವಾಂತಿ ಮಾಡಿಸಬೇಡಿ.
3. ಉಳಿದ ಗೆಡ್ಡೆ, ಎಲೆ ಅಥವಾ ಅದರ ಫೋಟೊ ಜೊತೆಗೆ ಒಯ್ಯಿರಿ.
4. ಎಷ್ಟು ಹೊತ್ತಿಗೆ, ಎಷ್ಟು ಕುಡಿದರು, ಯಾವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಾರೆ ಎಂದು ವೈದ್ಯರಿಗೆ ಮುಚ್ಚಿಡದೆ ಹೇಳಿ. ಬೈಯುತ್ತಾರೆ ಎಂಬ ಹೆದರಿಕೆಯಿಂದ "ಏನೂ ತಿಂದಿಲ್ಲ" ಎಂದರೆ ಚಿಕಿತ್ಸೆ ತಡವಾಗುತ್ತದೆ.

ಮಕ್ಕಳು, ಗರ್ಭಿಣಿಯರು, ಹೃದಯದ ತೊಂದರೆ ಇರುವವರ ವಿಷಯದಲ್ಲಿ ಒಂದು ನಿಮಿಷವೂ ತಡ ಮಾಡಬೇಡಿ.

ಗುಂಪಿನಲ್ಲಿ ಹಾಕಲು ಚಿಕ್ಕ ಉತ್ತರ

ಮನೆಯ ಹಿರಿಯರೇ ಫಾರ್ವರ್ಡ್ ಹಾಕಿದಾಗ "ಇದು ಸುಳ್ಳು" ಎಂದು ಎಲ್ಲರ ಮುಂದೆ ಹೇಳಿದರೆ ಅವರಿಗೆ ಬೇಸರವಾಗುತ್ತದೆ, ಮಾತು ನಿಂತುಹೋಗುತ್ತದೆ. ಮೊದಲು ಫೋನ್ ಮಾಡಿ ಮಾತಾಡಿ. ಆಮೇಲೆ ಗುಂಪಿಗೆ ಇದನ್ನು ಹಾಕಬಹುದು:

"ಎಲ್ಲರಿಗೂ ನಮಸ್ಕಾರ. ಫೋಟೊದಲ್ಲಿರುವ ಕಾಡು ಈರುಳ್ಳಿ ನಿಜವಾದ ಈರುಳ್ಳಿ ಅಲ್ಲ. ಅದರಲ್ಲಿ ಹೃದಯದ ಬಡಿತ ಕೆಡಿಸುವ ವಿಷ ಇದೆ. ಬಿಪಿ, ಹೃದಯದ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು. ಹಿಂದೆ ಔಷಧಿಯಾಗಿ ಬಳಸಿದ್ದು ನಿಜ, ಆದರೆ ಸಂಸ್ಕರಿಸಿ, ಅಳತೆ ಮಾಡಿ. ದಯವಿಟ್ಟು ರಸ ಮಾಡಿ ಕುಡಿಯಬೇಡಿ. ಯಾರಾದರೂ ಕುಡಿದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ."

ನಮಗೆ ಬರೆದಿದ್ದ ಓದುಗರು ಮರುದಿನ ಬೆಳಿಗ್ಗೆ ಉತ್ತರ ಕಳಿಸಿದರು. ತಂದೆ ಗೆಡ್ಡೆಗಳನ್ನು ವಾಪಸ್ ಬದುವಿಗೇ ನೆಟ್ಟು ಬಂದರಂತೆ. ಕಿಡ್ನಿ ಕಲ್ಲಿಗೆ ಸ್ಕ್ಯಾನ್ ಮಾಡಿಸಲು ಒಪ್ಪಿದ್ದಾರಂತೆ.

ನಮ್ಮ ತೀರ್ಮಾನ

"ಕಾಡು ಈರುಳ್ಳಿ ರಸ ಕಿಡ್ನಿ ಕಲ್ಲು, ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡುತ್ತದೆ, ಅಡ್ಡ ಪರಿಣಾಮ ಇಲ್ಲ" ಎಂಬ ಹೇಳಿಕೆ ತಪ್ಪು ಮತ್ತು ಅಪಾಯಕಾರಿ. ಈರು‌ಳ್ಳಿ ಜಾತಿಯ ಖಾದ್ಯ ಕಾಡು ಪ್ರಭೇದಗಳ ಔಷಧೀಯ ಗುಣಗಳ ಮೇಲೆ ಸಂಶೋಧನೆ ನಡೆಯುತ್ತಿದೆ, ಮನುಷ್ಯರಲ್ಲಿ ಇನ್ನೂ ಸಾಬೀತಾಗಬೇಕಿದೆ. ನಮ್ಮ ಗುಡ್ಡಗಳ ಡ್ರಿಮಿಯಾ ಇಂಡಿಕಾ ಆ ಗುಂಪಿಗೆ ಸೇರಿದ್ದಲ್ಲ. ಅದನ್ನು ಕಂಡರೆ ಬೇಸಿಗೆಯ ಸಂಜೆ ಅರಳುವ ಹೂವನ್ನು ನೋಡಿ, ಗೆಡ್ಡೆಯನ್ನು ಮಣ್ಣಲ್ಲೇ ಬಿಟ್ಟು ಬನ್ನಿ.